ಬಿಚ್ಚಬಲ್ಲವನೇ ಯಂತ್ರದ ಒಡೆಯ

ಶಿಕಾರಿಪುರ ಸೊರಬಗಳ ಸೀಮೆಯಲ್ಲಿ ಅಂಬ್ಲಿಗೊಳವೆಂಬ ಹೆಸರನ್ನು ಕೇಳಿದೊಡನೆ ಜನರ ನೆನಪಿಗೆ ಬರುವುದು ಅಲ್ಲಿಯ ಜಲಾಶಯ. ಸಂಜೆಯ ಹೊತ್ತು ಅದರ ಏರಿಯ ಮೇಲೆ ನಿಂತು ನಿಶ್ಚಲವಾದ ನೀರನ್ನು ನೋಡುವವನ ಮುಂದೆ, ಗಂಟೆಗೆ 200 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ನೀರನ್ನು ಸೀಳಿಕೊಂಡು ಹೋಗುವ ಪಂದ್ಯದ ದೋಣಿಗಳ ಮಾತನ್ನೆತ್ತಿದರೆ ಅವನು ನಕ್ಕಾನು. ಆದರೆ ಈ ಸೀಮೆಯ ನೀರು ಕುಮುದ್ವತಿಯ ದಾರಿಯನ್ನು ಹಿಡಿದರೂ ವರದೆಯ ದಾರಿಯನ್ನು ಹಿಡಿದರೂ ಕೊನೆಗೆ ತುಂಗಭದ್ರೆಯನ್ನೇ ಸೇರುತ್ತದೆ. ತುಂಗಭದ್ರೆಯು ಕೃಷ್ಣೆಯನ್ನು ಸೇರುತ್ತದೆ. ಅದೇ ಕೃಷ್ಣೆಯ ಮೇಲೆ, ವಿಜಯವಾಡದ ಬಳಿ, 2018ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಅಮರಾವತಿಯ ಹೆಸರಿನಿಂದ ಫಾರ್ಮುಲಾ ಒನ್ ಮೋಟಾರು ದೋಣಿಗಳ ಅಂತರರಾಷ್ಟ್ರೀಯ ಪಂದ್ಯವು ನಡೆಯಿತು. ನಮ್ಮ ಮಲೆನಾಡಿನ ಮಳೆಯೂ ಬೆರೆತು ಹರಿಯುವ ನದಿಯ ಮೇಲೆ ಪರದೇಶದ ಮೋಟಾರುಗಳು ಮೊರೆದು ಹೋದವು.

ಪಂದ್ಯದ ಸೋಲು ಗೆಲವುಗಳನ್ನು ಕುರಿತು ಬರೆಯುವುದು ನಮ್ಮ ಉದ್ದೇಶವಲ್ಲ. ಆ ದೋಣಿಗಳ ಬೆನ್ನಿಗೆ ತೂಗುಹಾಕಿದ ಮೋಟಾರುಗಳನ್ನೂ, ಅವುಗಳನ್ನು ಬಿಚ್ಚಿ, ಅಳೆದು, ಮತ್ತೆ ಜೋಡಿಸುವ ಕೈಗಳ ವಿದ್ಯೆಯನ್ನೂ ಕುರಿತು ನಾಲ್ಕು ಮಾತನ್ನು ಹೇಳಬೇಕೆಂದಿದ್ದೇವೆ. ಇದು ಹಣವಂತರ ವಿನೋದದ ಮಾತೆಂದು ವಾಚಕರು ಪುಟವನ್ನು ಮಗುಚಬಾರದು. ನಮ್ಮ ಕರಾವಳಿಯ ಬೆಸ್ತನ ಪ್ರಾಣವೂ, ನೆರೆಯ ಕಾಲದಲ್ಲಿ ನೀರಿನ ನಡುವೆ ಸಿಕ್ಕಿಬಿದ್ದವನ ಪ್ರಾಣವೂ ಈ ವಿದ್ಯೆಯನ್ನು ನೆಚ್ಚಿಕೊಂಡಿವೆ.

ದೋಣಿಯ ಹೊಟ್ಟೆಯೊಳಗೆ ಯಂತ್ರವನ್ನು ಕೂರಿಸದೆ, ಹಿಂಬದಿಯ ಹಲಗೆಗೆ ಹೊರಗಡೆಯಿಂದ ಬಿಗಿದು, ಬೇಕಾದಾಗ ಕಳಚಿ ಹೆಗಲ ಮೇಲೆ ಹೊತ್ತು ತರಬಹುದಾದ ಮೋಟಾರಿಗೆ ಔಟ್‌ಬೋರ್ಡ್ ಮೋಟಾರೆಂದು ಹೆಸರು. ಇಂತಹ ಪ್ರಯತ್ನಗಳು ಮೊದಲೂ ನಡೆದಿದ್ದವಾದರೂ, ಇದನ್ನು ಜನಸಾಮಾನ್ಯರ ಕೈಗೆ ತಂದ ಕೀರ್ತಿಯು ನಾರ್ವೆಯಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕವನ್ನು ಸೇರಿದ ಓಲೆ ಎವಿನ್ರೂಡನಿಗೆ ಸಲ್ಲುತ್ತದೆ. 1909ರಲ್ಲಿ ಅವನು ಮಾರಾಟಕ್ಕೆ ತಂದ ಮೋಟಾರಿನ ಶಕ್ತಿಯು ಒಂದೂವರೆ ಕುದುರೆಬಲ. ತೂಕವು ಸುಮಾರು 62 ಪೌಂಡು. ಕೃಷ್ಣೆಯ ಮೇಲೆ ಓಡಿದ ಪಂದ್ಯದ ಮೋಟಾರುಗಳಾದರೋ ಎರಡೂವರೆ ಲೀಟರಿನ, ಆರು ಸಿಲಿಂಡರುಗಳ, ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುವ ಯಂತ್ರಗಳು. ಇವೆರಡರ ನಡುವೆ ನೂರು ವರ್ಷಗಳಿಗೂ ಮೀರಿದ ಅಂತರವಿದೆ. ಆದರೂ ಎರಡರ ಮೂಲತತ್ತ್ವವು ಒಂದೇ. ಎರಡೂ ಟೂ ಸ್ಟ್ರೋಕ್ ಇಂಜಿನುಗಳು.

ಆ ತತ್ತ್ವವನ್ನು ಅರಿಯುವುದು ಕಷ್ಟವಲ್ಲ. ನಮ್ಮ ಹಳ್ಳಿಯ ಕಮ್ಮಾರನ ತಿದಿಯನ್ನು ನೆನೆದುಕೊಂಡರೆ ಸಾಕು. ಪಿಸ್ಟನ್ ಮೇಲಕ್ಕೆ ಏರಿದಾಗ ಅದರ ಕೆಳಗಿನ ಪೆಟ್ಟಿಗೆಯು ಗಾಳಿ, ಇಂಧನ ಮತ್ತು ಎಣ್ಣೆಗಳ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಕ್ಕೆ ಇಳಿದಾಗ ಆ ಮಿಶ್ರಣವು ಒತ್ತಲ್ಪಟ್ಟು, ಪಕ್ಕದ ಕಂಡಿಯ ಮೂಲಕ ಮೇಲಿನ ಉರಿಯುವ ಕೋಣೆಗೆ ನುಗ್ಗುತ್ತದೆ. ಅಲ್ಲಿ ಕಿಡಿಯು ಹೊತ್ತಿಸುತ್ತದೆ. ಸುಟ್ಟ ಹೊಗೆಯು ಎದುರಿನ ಕಂಡಿಯಿಂದ ಹೊರಹೋಗುತ್ತದೆ. ಕಂಡಿಗಳನ್ನು ಮುಚ್ಚುವುದೂ ತೆರೆಯುವುದೂ ಪಿಸ್ಟನ್ನಿನದೇ ಕೆಲಸ. ಇಂಜಿನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಇಂಧನದಲ್ಲಿ ಬೆರೆತು ಬಂದ ಎಣ್ಣೆಯೇ ಬೇರಿಂಗುಗಳನ್ನೂ ಪಿಸ್ಟನ್ನನ್ನೂ ಕಾಪಾಡಬೇಕು. ಅಂದಮೇಲೆ ಕೆಳಗಿನ ಪೆಟ್ಟಿಗೆಯೇ ಈ ಇಂಜಿನಿನ ತಿದಿ. ತಿದಿಯ ಚರ್ಮವು ಹರಿದರೆ ಕುಲುಮೆಯು ಕೆಡುವಂತೆ, ಈ ಪೆಟ್ಟಿಗೆಯ ಎರಡು ಕೊನೆಗಳಲ್ಲಿರುವ ಸೀಲುಗಳು ಸವೆದರೆ ಇಂಜಿನೂ ಕೆಡುತ್ತದೆ. ಆದರೆ ಕೆಡುವ ಬಗೆಯು ಬೇರೆ. ಸವೆದ ಸೀಲಿನಿಂದ ಬೇಡದ ಗಾಳಿಯು ಒಳಕ್ಕೆ ನುಗ್ಗಿ, ಇಂಧನವೂ ಎಣ್ಣೆಯೂ ತೆಳುವಾಗಿ, ಬೆಂಕಿಯು ಅತಿಯಾಗಿ ಕಾದು, ಪಿಸ್ಟನ್ನಿನ ತಲೆಯು ಕರಗುವ ಸ್ಥಿತಿಗೆ ಬರುತ್ತದೆ. ಕೆಲವು ರೂಪಾಯಿಗಳ ರಬ್ಬರಿನ ಬಳೆಯೊಂದನ್ನು ಅಲಕ್ಷಿಸಿದವನು ಇಡೀ ಯಂತ್ರವನ್ನು ಕಳೆದುಕೊಳ್ಳುವುದು ಹೀಗೆ.

ಪಂದ್ಯದ ಮೋಟಾರನ್ನು ಸಾಕುವವನ ವಿಶೇಷವು ಇಲ್ಲಿಯೇ ಇದೆ. ಅವನು ಯಂತ್ರವು ಕೆಡಲೆಂದು ಕಾಯುವುದಿಲ್ಲ. ಕೆಡುವುದಕ್ಕೆ ಮೊದಲೇ ಬಿಚ್ಚುತ್ತಾನೆ. ಸಾಮಾನ್ಯ ಮೋಟಾರು ವರ್ಷಗಟ್ಟಲೆ ಅನುಭವಿಸುವ ಸವೆತವನ್ನು ಪಂದ್ಯದ ಮೋಟಾರು ಕೆಲವೇ ಗಂಟೆಗಳಲ್ಲಿ ಅನುಭವಿಸುವುದರಿಂದ, ಅವನು ಅದರ ಆಯುಸ್ಸನ್ನು ಗಂಟೆಗಳಲ್ಲಿ ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಾನೆ. ಬಿಚ್ಚುವಾಗ ಪ್ರತಿಯೊಂದು ಭಾಗಕ್ಕೂ ಗುರುತು ಹಾಕುತ್ತಾನೆ. ಒಂದು ಸಿಲಿಂಡರಿನ ಪಿಸ್ಟನ್ ಇನ್ನೊಂದಕ್ಕೆ ಹೋಗಕೂಡದು, ಮೊದಲು ನೋಡುತ್ತಿದ್ದ ದಿಕ್ಕೂ ಬದಲಾಗಕೂಡದು. ಸಿಲಿಂಡರಿನ ಬಾಯಿಯನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆಗಳಲ್ಲಿ, ಒಂದೊಂದು ಕಡೆಯಲ್ಲಿಯೂ ಎರಡು ದಿಕ್ಕುಗಳಲ್ಲಿ ಅಳೆಯುತ್ತಾನೆ. ಸವೆತವು ಎಲ್ಲೆಡೆಯೂ ಸಮನಾಗಿ ಆಗುವುದಿಲ್ಲವಾದುದರಿಂದ ಒಂದೇ ಅಳತೆಯು ಮೋಸಮಾಡುತ್ತದೆ. ಪಿಸ್ಟನ್ನಿನ ರಿಂಗನ್ನು ಸಿಲಿಂಡರಿನೊಳಗೆ ಇಟ್ಟು ಅದರ ಎರಡು ತುದಿಗಳ ನಡುವಣ ಸಂದನ್ನು ನೋಡುತ್ತಾನೆ. ವ್ಯಾಸದ ಪ್ರತಿಯೊಂದು ಅಂಗುಲಕ್ಕೂ ಅಂಗುಲದ ಸಾವಿರದಲ್ಲಿ ನಾಲ್ಕು ಭಾಗದಷ್ಟು ಸಂದಿರಬೇಕೆಂಬುದು ಮಿಸ್ತ್ರಿಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಸಂದು ಕಡಿಮೆಯಾದರೆ ಕಾದ ರಿಂಗು ಹಿಗ್ಗಿ ಸಿಲಿಂಡರನ್ನು ಕೆರೆಯುತ್ತದೆ. ಹೆಚ್ಚಾದರೆ ಬಲವು ಸೋರಿಹೋಗುತ್ತದೆ.

ಅನಂತರ ತಿರುಗುವ ದಂಡವಾದ ಕ್ರ್ಯಾಂಕಿನ ಪರೀಕ್ಷೆ. ಅದನ್ನು ಎರಡು ಮೊನೆಗಳ ನಡುವೆ ನಿಲ್ಲಿಸಿ, ಡಯಲ್ ಗೇಜನ್ನು ತಾಗಿಸಿ, ಮೆಲ್ಲನೆ ತಿರುಗಿಸುತ್ತಾ ಅದು ನೆಟ್ಟಗಿದೆಯೋ ಇಲ್ಲವೋ ಎಂಬುದನ್ನು ನೋಡುತ್ತಾನೆ. ಕಣ್ಣಿಗೆ ಕಾಣದ ಸೊಟ್ಟು ಸಾವಿರಾರು ಸುತ್ತಿನ ವೇಗದಲ್ಲಿ ಬೇರಿಂಗನ್ನು ಪುಡಿಮಾಡಬಲ್ಲುದು. ಹೊಗೆಯು ಹೊರಡುವ ಕಂಡಿಯಲ್ಲಿ ಕಟ್ಟಿದ ಮಸಿಯನ್ನು ಮರದ ಚಕ್ಕೆಯಿಂದ ಕೆರೆದು ತೆಗೆಯುತ್ತಾನೆ. ಉಕ್ಕಿನ ಆಯುಧದಿಂದ ಕೆರೆದರೆ ಅಲ್ಯೂಮಿನಿಯಮ್ಮಿಗೆ ಗಾಯವಾಗುತ್ತದೆ. ಸಿಲಿಂಡರಿನ ತಲೆಯನ್ನು ಬಿಗಿಯುವಾಗ ನಡುವಿನ ಬೋಲ್ಟಿನಿಂದ ಆರಂಭಿಸಿ ಹೊರಕ್ಕೆ ಹೋಗುತ್ತಾನೆ. ಒಂದೇ ಸಲಕ್ಕೆ ಪೂರ್ಣವಾಗಿ ಬಿಗಿಯದೆ ಎರಡು ಮೂರು ಸುತ್ತಿನಲ್ಲಿ ಬಿಗಿಯುತ್ತಾನೆ. ಕೊನೆಯಲ್ಲಿ ಗಾಳಿಯ ಒತ್ತಡವನ್ನು ತುಂಬಿ ಕೆಳಗಿನ ಪೆಟ್ಟಿಗೆಯು ಸೋರುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸಿದ ಮೇಲೆಯೇ ಮೋಟಾರು ನೀರಿಗೆ ಇಳಿಯುತ್ತದೆ. ಓಡಿ ಬಂದ ಕೂಡಲೆ ಸ್ಪಾರ್ಕ್ ಪ್ಲಗ್ಗನ್ನು ತೆಗೆದು ನೋಡುತ್ತಾನೆ. ಅದರ ತುದಿಯು ತಿಳಿಗಂದು ಬಣ್ಣದ್ದಾಗಿದ್ದರೆ ಕ್ಷೇಮ. ಬೆಳ್ಳಗೆ ಸುಣ್ಣದಂತಿದ್ದರೆ ಇಂಧನವು ಸಾಲದು. ಕಪ್ಪಗೆ ಒದ್ದೆಯಾಗಿದ್ದರೆ ಹೆಚ್ಚಾಯಿತು. ವೈದ್ಯನು ರೋಗಿಯ ನಾಲಗೆಯನ್ನು ನೋಡುವ ಹಾಗೆ ಇದು ಯಂತ್ರದ ನಾಲಗೆಯನ್ನು ನೋಡುವ ಕ್ರಮ.

ಇಷ್ಟು ಶ್ರಮವು ಪಂದ್ಯದವನಿಗೆ ಬೇಕು, ನಮಗೇತಕ್ಕೆ ಎಂದು ಕೇಳುವವರಿದ್ದಾರೆ. ಅವರಿಗೆ ನಾವು ಒಂದು ಮಳೆಗಾಲದಲ್ಲಿ ಕಣ್ಣಾರೆ ಕಂಡುದನ್ನು ಹೇಳಬೇಕಾಗಿದೆ. ಊರಿನ ಹೆಸರು ಬೇಡ. ಕೋಡಿಯು ಉಕ್ಕಿ ಹರಿದು, ತೋಟದ ಮನೆಯೊಂದು ನೀರಿನ ನಡುವೆ ನಡುಗಡ್ಡೆಯಾಗಿ ನಿಂತಿತ್ತು. ಮಾಡಿನ ಮೇಲೆ ಮೂವರು ಕುಳಿತಿದ್ದರು. ರಕ್ಷಣೆಯ ರಬ್ಬರು ದೋಣಿಯು ಬಂತು, ಜನರೂ ಬಂದರು, ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಮೋಟಾರಿನ ಹಗ್ಗವನ್ನು ಎಳೆದರು. ಅದು ಹೊತ್ತಲಿಲ್ಲ. ಎಳೆದು ಎಳೆದು ಕೈ ಸೋತಿತು. ಹಿಂದಿನ ವರ್ಷದ ಪೆಟ್ರೋಲು ಒಳಗಡೆಯೇ ಒಣಗಿ, ಅಂಟಾಗಿ, ಕಾರ್ಬುರೇಟರಿನ ಸೂಜಿಗಂಡಿಯನ್ನು ಮುಚ್ಚಿಬಿಟ್ಟಿತ್ತೆಂಬುದು ಆಮೇಲೆ ತಿಳಿಯಿತು. ಕೊನೆಗೆ ಉದ್ದನೆಯ ಹಗ್ಗವನ್ನು ಮರಕ್ಕೆ ಕಟ್ಟಿ, ಹುಟ್ಟು ಹಾಕುತ್ತಾ ಹೋಗಿ ಆ ಮೂವರನ್ನು ಕರೆತಂದರು. ದೇವರ ದಯೆಯಿಂದ ಯಾರಿಗೂ ಅಪಾಯವಾಗಲಿಲ್ಲ. ಆದರೆ ಆ ಎರಡು ಗಂಟೆಗಳ ಕಾಲ ದಡದಲ್ಲಿ ನಿಂತ ಹೆಂಗಸರ ಮುಖವನ್ನು ನೋಡಿದವರು ಅದನ್ನು ಮರೆಯಲಾರರು. ಮೋಟಾರು ಹಳೆಯದಾಗಿರಲಿಲ್ಲ. ಬಣ್ಣವೂ ಮಾಸಿರಲಿಲ್ಲ. ಅದನ್ನು ಯಾರೂ ಬಿಚ್ಚಿರಲಿಲ್ಲ, ಅಷ್ಟೆ.

2019ನೆಯ ಆಗಸ್ಟಿನ ನೆರೆಯು ಬೆಳಗಾವಿ, ಬಾಗಲಕೋಟೆಗಳ ಕಡೆಯ ಬಯಲನ್ನೂ ಮಲೆನಾಡಿನ ಇಳಿಜಾರನ್ನೂ ಒಂದೇ ಸಲಕ್ಕೆ ಮುಳುಗಿಸಿದುದನ್ನು ನಾಡಿಗರು ಮರೆತಿಲ್ಲ. ಅಂತಹ ಹೊತ್ತಿನಲ್ಲಿ ಮೋಟಾರು ದೋಣಿಯು ಅಲಂಕಾರದ ವಸ್ತುವಲ್ಲ. ವರ್ಷದಲ್ಲಿ ಮುನ್ನೂರು ದಿವಸ ಮೂಲೆಯಲ್ಲಿ ಕುಳಿತು, ಒಂದು ದಿವಸ ಮೊದಲನೆಯ ಎಳೆತಕ್ಕೇ ಹೊತ್ತಬೇಕಾದ ಯಂತ್ರವು ಪಂದ್ಯದ ಯಂತ್ರಕ್ಕಿಂತಲೂ ಹೆಚ್ಚಿನ ಆರೈಕೆಯನ್ನು ಬೇಡುತ್ತದೆ. ಪಂದ್ಯದವನಿಗೆ ಸೋತರೆ ಮುಂದಿನ ವರ್ಷವುಂಟು. ಮಾಡಿನ ಮೇಲೆ ಕುಳಿತವನಿಗೆ ಉಂಟೆಂದು ಹೇಳುವವರಾರು?

ಇನ್ನು ಘಟ್ಟವನ್ನು ಇಳಿದು ಕರಾವಳಿಯ ಕಡೆಗೆ ನೋಡೋಣ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡಗಳ ನಾಡದೋಣಿಗಳಲ್ಲಿ ಔಟ್‌ಬೋರ್ಡ್ ಮೋಟಾರು ಹುಟ್ಟಿನ ಸ್ಥಾನವನ್ನು ಪಡೆದು ಬಹುಕಾಲವಾಯಿತು. ಪ್ರತಿವರ್ಷವೂ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ. 10 ಕುದುರೆಬಲದೊಳಗಿನ ಮೋಟಾರನ್ನು ಕಟ್ಟಿದ ನಾಡದೋಣಿಗಳಿಗೆ ಮಾತ್ರ ಅನುಮತಿಯುಂಟು. ಅಂದರೆ ಕಡಲು ಅತ್ಯಂತ ಉಗ್ರವಾಗಿರುವ ಎರಡು ತಿಂಗಳುಗಳಲ್ಲಿ ಅತ್ಯಂತ ಸಣ್ಣ ಮೋಟಾರಿನ ದೋಣಿಗಳೇ ಹೊರಡುತ್ತವೆ. ನದಿಯು ಕಡಲನ್ನು ಸೇರುವ ಅಳಿವೆಯಲ್ಲಿ ತೆರೆಗಳು ಒಡೆಯುವ ಜಾಗವನ್ನು ದಾಟುವಾಗ ಮೋಟಾರು ಅರೆನಿಮಿಷ ನಿಂತರೂ ದೋಣಿಯು ತೆರೆಗೆ ಅಡ್ಡವಾಗಿ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯು ಮಗುಚುವುದಕ್ಕೆ ಇನ್ನೊಂದು ತೆರೆಯೇ ಸಾಕು. ಪಂದ್ಯದ ಮೋಟಾರಿನ ಒಡೆಯನು ತನ್ನ ಯಂತ್ರದ ಬಗ್ಗೆ ಎಷ್ಟು ಕಟ್ಟುನಿಟ್ಟಾಗಿರುವನೋ ಅಷ್ಟು ಕಟ್ಟುನಿಟ್ಟು ನಮ್ಮ ಬೆಸ್ತನಿಗೂ ಅವಶ್ಯವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣವು ಬೇಕಾಗಿಲ್ಲ.

ಈ ಮೋಟಾರುಗಳಲ್ಲಿ ಬಹುಸಂಖ್ಯೆಯವು ಸೀಮೆಎಣ್ಣೆಯಿಂದ ಓಡುತ್ತ ಬಂದವು. ಪೆಟ್ರೋಲಿನಿಂದ ಹೊತ್ತಿಸಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ಅವುಗಳ ಕ್ರಮ. ನಿಲ್ಲಿಸುವ ಮುನ್ನ ಮರಳಿ ಪೆಟ್ರೋಲಿಗೆ ತಿರುಗಿಸಿ ಓಡಿಸದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆಯೇ ಉಳಿದು ಮರುದಿನ ಬೆಳಗಿನ ಜಾವ ಮೋಟಾರು ಹೊತ್ತುವುದಿಲ್ಲ. ಸೀಮೆಎಣ್ಣೆಯು ಮಸಿಯನ್ನು ಹೆಚ್ಚಾಗಿ ಕಟ್ಟುವುದರಿಂದ ಕಂಡಿಗಳನ್ನು ಬೇಗಬೇಗನೆ ಕೆರೆಯಬೇಕಾಗುತ್ತದೆ. ಸೀಮೆಎಣ್ಣೆಯು ದುರ್ಲಭವಾಗುತ್ತ ಬಂದುದರಿಂದ, 2023ರ ಆಯವ್ಯಯದಲ್ಲಿ ರಾಜ್ಯಸರ್ಕಾರವು ಸೀಮೆಎಣ್ಣೆಯ ಯಂತ್ರಗಳನ್ನು ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಯಂತ್ರಗಳಿಗೆ ಬದಲಾಗುವವರಿಗೆ ತಲಾ 50,000 ರೂಪಾಯಿಗಳ ಸಹಾಯಧನವನ್ನು ಸಾರಿತು. ಒಳ್ಳೆಯ ಕೆಲಸವೇ ಸರಿ. ಆದರೆ ಸಹಾಯಧನದಿಂದ ಯಂತ್ರವು ಬರುತ್ತದೆಯೇ ಹೊರತು ಯಂತ್ರದ ವಿದ್ಯೆಯು ಬರುವುದಿಲ್ಲ.

ಉಪ್ಪುನೀರಿನಲ್ಲಿ ಓಡುವ ಮೋಟಾರಿನ ಆರೈಕೆಯು ಸ್ವಲ್ಪ ಭಿನ್ನ. ಇಂಜಿನನ್ನು ತಂಪಾಗಿಡುವ ನೀರನ್ನು ಕೆಳಭಾಗದಲ್ಲಿರುವ ರಬ್ಬರಿನ ಇಂಪೆಲ್ಲರು ಎತ್ತಿಕೊಡುತ್ತದೆ. ಮೋಟಾರು ಓಡುವಾಗ ಪಕ್ಕದಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತಿದ್ದರೆ ಅದು ಕೆಲಸಮಾಡುತ್ತಿದೆಯೆಂದು ಅರ್ಥ. ಧಾರೆಯು ನಿಂತರೆ ಮೋಟಾರನ್ನೂ ಕೂಡಲೆ ನಿಲ್ಲಿಸತಕ್ಕದ್ದು. ಕಡಲಿನಿಂದ ಬಂದೊಡನೆ ಸಿಹಿನೀರಿನಲ್ಲಿ ಓಡಿಸಿ ಒಳಗಿನ ಉಪ್ಪನ್ನು ತೊಳೆಯಬೇಕು. ಅಲ್ಯೂಮಿನಿಯಮ್ ಕೊರೆದುಹೋಗದಂತೆ ಅಂಟಿಸಿರುವ ಸತುವಿನ ತುಂಡುಗಳು ತಾವು ಸವೆದು ಯಂತ್ರವನ್ನು ಉಳಿಸುತ್ತವೆ. ಅವು ಕರಗಿದಾಗ ಹೊಸತನ್ನು ಹಾಕಬೇಕು. ಕೆಳಗಿನ ಗೇರು ಪೆಟ್ಟಿಗೆಯ ಎಣ್ಣೆಯನ್ನು ಇಳಿಸಿ ನೋಡಿದಾಗ ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಒಳಸೇರಿದೆಯೆಂದೂ ಸೀಲು ಹೋಗಿದೆಯೆಂದೂ ತಿಳಿಯಬೇಕು. ದೋಣಿಯು ಮಗುಚಿ ಮೋಟಾರು ಮುಳುಗಿದ ಸಂದರ್ಭದಲ್ಲಂತೂ ತಡಮಾಡಲೇಬಾರದು. ಮೇಲೆತ್ತಿದ ಮೋಟಾರಿಗೆ ಗಾಳಿಯು ತಗುಲಿದೊಡನೆಯೇ ಬೇರಿಂಗುಗಳಿಗೆ ತುಕ್ಕು ಹಿಡಿಯಲಾರಂಭಿಸುತ್ತದೆ. ಸಿಹಿನೀರಿನಿಂದ ತೊಳೆದು, ಪ್ಲಗ್ಗುಗಳನ್ನು ಕಳಚಿ ನೀರನ್ನು ಹೊರಕ್ಕೆ ಚೆಲ್ಲಿ, ಎಣ್ಣೆಯನ್ನು ಹಾಕಿ, ಅಂದೇ ಓಡಿಸಬೇಕು. ಅಂದೇ ಬಿಚ್ಚಲು ಸಾಧ್ಯವಾಗದಿದ್ದರೆ ಅದನ್ನು ಸಿಹಿನೀರಿನಲ್ಲಿಯೇ ಮುಳುಗಿಸಿ ಇಡುವುದು ಮೇಲು. ಮುಳುಗಿದ ಯಂತ್ರವನ್ನು ಮತ್ತೆ ಮುಳುಗಿಸುವುದು ವಿಚಿತ್ರವಾಗಿ ತೋರಿದರೂ, ಪಂದ್ಯಗಳಲ್ಲಿ ದೋಣಿ ಮಗುಚಿದ ಅನುಭವಿಗಳು ಕಂಡುಕೊಂಡ ಉಪಾಯವದು.

ಹಾಗಾದರೆ ಕಡಲಿಲ್ಲದ ಅಂಬ್ಲಿಗೊಳದ ಕಡೆಯವರಿಗೆ ಇದರಿಂದೇನು? ವಾಚಕರು ಮಲೆನಾಡಿನ ಯಾವ ಅಡಕೆಯ ತೋಟದೊಳಗಾದರೂ ಕಾಲಿಟ್ಟು ನೋಡಲಿ. ಕೂಲಿಯವನ ಹೆಗಲಿನ ಮೇಲಿನ ಕಳೆ ಕೊಚ್ಚುವ ಯಂತ್ರ, ಬೆನ್ನ ಮೇಲಿನ ಔಷಧಿ ಸಿಂಪಡಿಸುವ ಯಂತ್ರ, ಮರ ಕೊಯ್ಯುವ ಗರಗಸದ ಯಂತ್ರ ಇವುಗಳಲ್ಲಿ ಅನೇಕವು ಟೂ ಸ್ಟ್ರೋಕ್ ಇಂಜಿನುಗಳೇ. ಗಾಳಿಯಿಂದ ತಂಪಾಗುವುದೊಂದನ್ನು ಬಿಟ್ಟರೆ, ಕೃಷ್ಣೆಯ ಮೇಲೆ ಓಡಿದ ಮೋಟಾರಿಗೂ ಅವಕ್ಕೂ ಹತ್ತಿರದ ನೆಂಟಸ್ತನವಿದೆ. ಅದೇ ತಿದಿ, ಅದೇ ಸೀಲು, ಅದೇ ರಿಂಗು, ಅದೇ ಎಣ್ಣೆಯ ಮಿಶ್ರಣ. ಎಣ್ಣೆಯನ್ನು ಅಂದಾಜಿನಿಂದ ಸುರಿಯುವುದು, ಮಳೆಗಾಲ ಮುಗಿದ ಮೇಲೆ ಪೆಟ್ರೋಲನ್ನು ಒಳಗೇ ಬಿಟ್ಟು ಅಟ್ಟಕ್ಕೆ ಏರಿಸುವುದು, ಮರುವರ್ಷ ಹೊತ್ತದೆ ಹೋದಾಗ ಹೊಸತನ್ನು ಕೊಳ್ಳುವುದು, ಇವು ಮನೆಮನೆಯಲ್ಲಿಯೂ ಕಾಣುವ ಪದ್ಧತಿಗಳು. ಲೀಟರಿಗೆ 20 ಮಿಲಿಲೀಟರಿನಂತೆ ಎಣ್ಣೆಯನ್ನು ಬೆರೆಸಬೇಕೆಂದು ತಯಾರಕನು ಬರೆದಿದ್ದರೆ ಅಷ್ಟನ್ನೇ ಅಳೆದು ಬೆರೆಸಬೇಕು. ಅಡುಗೆಯ ಉಪ್ಪಿನ ಹಾಗೆ ಕೈಯಂದಾಜು ಇಲ್ಲಿ ನಡೆಯುವುದಿಲ್ಲ.

ಇಂಧನದ ವಿಷಯದಲ್ಲಿ ಈಗ ಹೊಸದೊಂದು ಎಚ್ಚರವೂ ಬೇಕಾಗಿದೆ. ನೂರರಲ್ಲಿ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಮೊದಲಾಗಿ ಬಿಡುಗಡೆಮಾಡಲಾಯಿತು. ದೇಶದ ಹಣವು ಹೊರಗೆ ಹೋಗುವುದನ್ನು ತಪ್ಪಿಸುವ, ಕಬ್ಬು ಜೋಳಗಳ ಬೆಳೆಗಾರನಿಗೆ ನೆರವಾಗುವ ಈ ಕಾರ್ಯವನ್ನು ನಾವು ಹಳಿಯುವುದಿಲ್ಲ. ಆದರೆ ಎಥನಾಲಿಗೆ ನೀರನ್ನು ಹೀರುವ ಗುಣವುಂಟು. ಮಲೆನಾಡಿನ ಮಳೆಗಾಲದ ತೇವದಲ್ಲಾಗಲಿ ಕರಾವಳಿಯ ಗಾಳಿಯಲ್ಲಾಗಲಿ ಡಬ್ಬಿಯಲ್ಲಿ ಬಹುಕಾಲವಿಟ್ಟ ಪೆಟ್ರೋಲು ನೀರನ್ನು ಹೀರಿ ಹೀರಿ, ಕೊನೆಗೆ ಎರಡು ಪದರಗಳಾಗಿ ಒಡೆಯುತ್ತದೆ. ನೀರೂ ಎಥನಾಲೂ ತಳಕ್ಕೆ ಇಳಿಯುತ್ತವೆ; ಪೆಟ್ರೋಲು ಮೇಲೆ ನಿಲ್ಲುತ್ತದೆ. ನಾವು ಬೆರೆಸಿದ ಎಣ್ಣೆಯು ಮೇಲಿನ ಪೆಟ್ರೋಲಿನೊಂದಿಗೆ ಉಳಿಯುತ್ತದೆ. ತಳದಿಂದ ಹೀರುವ ಇಂಜಿನಿಗೆ ಎಣ್ಣೆಯೇ ಇಲ್ಲದ ಪಾನೀಯವು ದೊರೆಯುತ್ತದೆ. ಹಳೆಯ ಯಂತ್ರಗಳ ರಬ್ಬರಿನ ಕೊಳವೆಗಳೂ ಎಥನಾಲಿನಿಂದ ಮೆತ್ತಗಾಗಿ ಕೆಡುತ್ತವೆ. ಆದುದರಿಂದ ಬೇಕಾದಷ್ಟನ್ನೇ ತಂದು, ಒಂದು ತಿಂಗಳೊಳಗೆ ಮುಗಿಸಿ, ಯಂತ್ರವನ್ನು ಎತ್ತಿಡುವಾಗ ಕಾರ್ಬುರೇಟರನ್ನು ಪೂರ್ತಿಯಾಗಿ ಒಣಗಿಸುವುದು ಅವಶ್ಯ.

ಎಣ್ಣೆಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಪೆಟ್ರೋಲಿಗೆ ಬದಲಾಗಿ ಮೆಥನಾಲಿನಿಂದ ಓಡಿಸುವ ಪಂದ್ಯದ ಮೋಟಾರುಗಳಿಗೆ ಖನಿಜ ತೈಲವು ಒಗ್ಗುವುದಿಲ್ಲ; ಅದು ಮೆಥನಾಲಿನಲ್ಲಿ ಬೆರೆಯದು. ಅದರಲ್ಲಿ ಚೆನ್ನಾಗಿ ಬೆರೆತು, ಉಗ್ರವಾದ ಶಾಖದಲ್ಲಿಯೂ ಲೋಹದ ಮೇಲಿನ ಪೊರೆಯನ್ನು ಬಿಡದೆ ಕಾಪಾಡುವ ಎಣ್ಣೆ ಯಾವುದು ಬಲ್ಲಿರಾ? ನಮ್ಮ ಹರಳೆಣ್ಣೆ. ಲೋಕಪ್ರಸಿದ್ಧವಾದ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದುದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಹರಳನ್ನು ಲೋಕದಲ್ಲಿಯೇ ಅತ್ಯಧಿಕವಾಗಿ ಬೆಳೆಯುವ ದೇಶವು ನಮ್ಮದು. ನಮ್ಮ ಅಜ್ಜಂದಿರು ಹುಲ್ಲು ಸುಟ್ಟ ಕರಿಯೊಂದಿಗೆ ಹರಳೆಣ್ಣೆಯನ್ನು ಕಲಸಿ ಕೀಲೆಣ್ಣೆಯನ್ನು ಮಾಡಿ ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದರು. ಅಚ್ಚು ಒಣಗಿದ ಗಾಡಿಯನ್ನು ರಸ್ತೆಗೆ ಇಳಿಸಿದವನನ್ನು ಊರೆಲ್ಲ ಬಯ್ಯುತ್ತಿತ್ತು. ಆರೈಕೆಯ ಆ ಸಂಸ್ಕಾರವು ನಮಗೆ ಹೊಸದಲ್ಲ. ಗಾಡಿಯ ಜೊತೆಯಲ್ಲಿ ಅದನ್ನೂ ಮೂಲೆಗೆ ಹಾಕಿದೆವು. ಅದೇ ದುಃಖದ ಸಂಗತಿ.

ತಯಾರಿಸಿದ ಕಂಪನಿಯು ಇರುವವರೆಗೆ ನಮಗೇನು ಭಯ ಎಂದು ನೆಚ್ಚಿ ಕೂರುವವರಿಗೆ ಚರಿತ್ರೆಯು ಪಾಠವನ್ನು ಕಲಿಸುತ್ತದೆ. ಓಲೆ ಎವಿನ್ರೂಡನ ಹೆಸರಿನ ಮೋಟಾರುಗಳು ನೂರು ವರ್ಷಗಳ ಮೇಲೆ ಬಾಳಿದವು. 2020ನೆಯ ಮೇ ತಿಂಗಳಿನಲ್ಲಿ ಅವುಗಳ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಒಡೆಯರಾದ ಕಂಪನಿಯವರು ಸಾರಿದರು. ಆದರೂ ಹಳೆಯ ಪಂದ್ಯದ ಮೋಟಾರುಗಳು ಇಂದಿಗೂ ಅಮೆರಿಕದ ಕೆರೆಗಳಲ್ಲಿ ಓಡುತ್ತವೆ. ಹಳೆಯ ಮೋಟಾರುಗಳನ್ನು ಕೂಡಿಟ್ಟು, ಸಿಗದ ಭಾಗವನ್ನು ಲೇತಿನ ಮೇಲೆ ಕಡೆದು, ತಿಳಿದುದನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟ ಜನರೇ ಅವುಗಳನ್ನು ಉಳಿಸಿದರು. ಅಷ್ಟು ದೂರಕ್ಕೆ ಏಕೆ ಹೋಗಬೇಕು? 1960ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯು ಜಾವಾ, ಯೆಜ್ಡಿ ಎಂಬ ಟೂ ಸ್ಟ್ರೋಕ್ ಮೋಟಾರು ಸೈಕಲ್ಲುಗಳನ್ನು ನಾಡಿಗೆಲ್ಲ ಕೊಟ್ಟು, 1996ರಲ್ಲಿ ಬಾಗಿಲನ್ನು ಮುಚ್ಚಿತು. ಅಲ್ಲಿ ತಯಾರಾದ ಗಾಡಿಗಳು ಮಾತ್ರ ಇನ್ನೂ ನಮ್ಮ ರಸ್ತೆಗಳ ಮೇಲೆ ಗುಡುಗುತ್ತಿವೆ. ಮೈಸೂರು ಬೆಂಗಳೂರುಗಳ ಗಲ್ಲಿಗಳಲ್ಲಿ ಕ್ರ್ಯಾಂಕನ್ನು ಬಿಚ್ಚಿ ನೆಟ್ಟಗೆ ಮಾಡಬಲ್ಲ, ಸಿಲಿಂಡರನ್ನು ಕೊರೆದು ಹೊಸ ಪಿಸ್ಟನ್ನಿಗೆ ಹೊಂದಿಸಬಲ್ಲ ಮಿಸ್ತ್ರಿಗಳು ಉಳಿದುದರಿಂದಲೇ ಅವು ಉಳಿದವು. ಕಾರ್ಖಾನೆಯು ಮುಚ್ಚಿದರೂ ವಿದ್ಯೆಯು ಮುಚ್ಚಲಿಲ್ಲ. ನಮ್ಮ ದೋಣಿಯ ಮೋಟಾರುಗಳಿಗೂ ಇಂತಹ ಕೈಗಳು ಬೇಕು.

ಆದುದರಿಂದ ನಾವು ಸೂಚಿಸುವುದಿಷ್ಟು. ರಕ್ಷಣಾ ಕಾರ್ಯಕ್ಕಾಗಿ ಎಲ್ಲೆಲ್ಲಿ ಔಟ್‌ಬೋರ್ಡ್ ಮೋಟಾರನ್ನು ಇರಿಸಿದೆಯೋ ಅಲ್ಲಲ್ಲಿ, ನೀರು ತುಂಬಿದ ಡ್ರಮ್ಮಿನಲ್ಲಿ ಅದನ್ನು ನಿಲ್ಲಿಸಿ ಹದಿನೈದು ದಿನಗಳಿಗೊಮ್ಮೆ ಓಡಿಸತಕ್ಕದ್ದು. ಓಡಿಸಿದ ದಿನ, ಹೊತ್ತಲು ಬೇಕಾದ ಎಳೆತಗಳ ಸಂಖ್ಯೆ, ನೀರಿನ ಧಾರೆಯ ಸ್ಥಿತಿ ಇವುಗಳನ್ನು ಪುಸ್ತಕದಲ್ಲಿ ಬರೆದು ಸಹಿಮಾಡತಕ್ಕದ್ದು. ಮುಂಗಾರಿಗೆ ಮೊದಲು ಇಂಪೆಲ್ಲರನ್ನೂ ಪ್ಲಗ್ಗನ್ನೂ ಗೇರಿನ ಎಣ್ಣೆಯನ್ನೂ ತಪ್ಪದೆ ಬದಲಾಯಿಸತಕ್ಕದ್ದು. ಕರಾವಳಿಯ ಮೀನುಗಾರರ ಸಹಕಾರ ಸಂಘಗಳು ಒಬ್ಬೊಬ್ಬ ಬೆಸ್ತನೂ ಕೊಳ್ಳಲಾರದ ಅಳತೆಯ ಸಾಧನಗಳನ್ನು, ಎಂದರೆ ಮೈಕ್ರೋಮೀಟರು, ಡಯಲ್ ಗೇಜು, ಒತ್ತಡವನ್ನು ಪರೀಕ್ಷಿಸುವ ಪಂಪು ಮುಂತಾದುವನ್ನು, ಸಂಘದ ಸೊತ್ತಾಗಿ ಇಟ್ಟುಕೊಳ್ಳಬೇಕು. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ನೌಕಾ ಮತ್ತು ಇಂಜಿನಿಯರಿಂಗ್ ತರಬೇತಿ ಸಂಸ್ಥೆಯು 1963ರಿಂದ ಇಂಜಿನು ನಡೆಸುವವರನ್ನು ತಯಾರಿಸುತ್ತ ಬಂದಿದೆ. ಅಂತಹ ಶಿಕ್ಷಣದ ಸಾರವು ಕನ್ನಡದಲ್ಲಿ, ಚಿತ್ರಗಳೊಂದಿಗೆ, ಎಣ್ಣೆಯ ಕೈಯಲ್ಲಿ ಹಿಡಿದರೂ ಹರಿಯದ ಕಾಗದದ ಮೇಲೆ ಅಚ್ಚಾಗಿ ಬರಬೇಕು. ಮಲೆನಾಡಿನ ಕೈಗಾರಿಕಾ ತರಬೇತಿ ಶಾಲೆಗಳು ಕಳೆ ಕೊಚ್ಚುವ ಯಂತ್ರವೊಂದನ್ನು ಮೇಜಿನ ಮೇಲಿಟ್ಟು ವಿದ್ಯಾರ್ಥಿಗಳಿಂದ ಬಿಚ್ಚಿಸಿ ಜೋಡಿಸಿದರೆ, ಆ ಹುಡುಗರು ನಾಳೆ ಔಟ್‌ಬೋರ್ಡ್ ಮೋಟಾರಿನ ಮುಂದೆಯೂ ಹೆದರದೆ ಕೂರುವರು.

ಇದಕ್ಕೆ ಬೇಕಾದ ಹಣವು ಹೆಚ್ಚಿನದಲ್ಲ, ಬೇಕಾದುದು ಮನಸ್ಸು. ಯಂತ್ರವನ್ನು ಕೊಂಡುತಂದು ಹೂಹಾರ ಹಾಕಿ, ಆಯುಧಪೂಜೆಯ ದಿನ ಕುಂಕುಮವಿಟ್ಟು ಕೈಮುಗಿಯುವುದು ನಮ್ಮಲ್ಲಿ ವಾಡಿಕೆ. ಪೂಜೆಯು ಇರಲಿ. ಆದರೆ ಆ ದಿನವೇ ಅದರ ಪ್ಲಗ್ಗನ್ನೂ ಒಮ್ಮೆ ಬಿಚ್ಚಿ ನೋಡಿದರೆ ಪೂಜೆಯು ಪೂರ್ಣವಾಗುತ್ತದೆ. ಹಣ ಕೊಟ್ಟವನ ಹೆಸರು ರಸೀತಿಯಲ್ಲಿರುತ್ತದೆ. ಯಂತ್ರವಾದರೋ ತನ್ನನ್ನು ಬಿಚ್ಚಿ ಜೋಡಿಸಬಲ್ಲವನ ಮಾತನ್ನೇ ಕೇಳುತ್ತದೆ. ಅಂಬ್ಲಿಗೊಳದ ನೀರು ಇಂದು ಶಾಂತವಾಗಿದೆ. ಆಷಾಢದ ಮಳೆಯು ಜಡಿದು, ಹಳ್ಳಗಳು ಉಕ್ಕುವ ದಿನ ಬರುವುದಕ್ಕೆ ಮೊದಲೇ ನಮ್ಮ ಮಿಸ್ತ್ರಿಗಳು ಸ್ಪಾನರನ್ನು ಕೈಗೆ ತೆಗೆದುಕೊಳ್ಳಲಿ.